ಸೋಗಾನೆಯಿಂದ ಬೆಂಗಳೂರಿಗೆ ವಿಮಾನ: ಉಳಿಯುವ ಸಮಯವೆಷ್ಟು?

ಶಿವಮೊಗ್ಗ ಹತ್ತಿರದ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಮೊದಲ ಪ್ರಯಾಣಿಕ ವಿಮಾನ ಇಲ್ಲಿ ಇಳಿಯಿತು. ಈ ಸೇವೆಯನ್ನು ಬಳಸಿದ ಮೇಲೆ ನನಗನ್ನಿಸಿದ್ದು ಇಷ್ಟು: ವಿಮಾನ ಚೆನ್ನಾಗಿದೆ, ಆದರೆ ಟಿಕೆಟ್ಟಿನಲ್ಲಿ ಅಚ್ಚಾದ ಸಮಯವನ್ನು ನೋಡಿ ಪ್ರಯಾಣದ ಲೆಕ್ಕ ಹಾಕಬಾರದು.

ರಸ್ತೆಯಲ್ಲಿ ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರಿನ ಮೂಲಕ ಬೆಂಗಳೂರಿಗೆ ಸುಮಾರು 300 ಕಿ.ಮೀ. ಇದ್ದರೆ, ಸೋಗಾನೆಯಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೇರಗೆರೆ ಎಳೆದರೆ 240 ಕಿ.ಮೀ. ಆಸುಪಾಸು. ಈ ಮಾರ್ಗದಲ್ಲಿ ಹಾರುವ ಎಟಿಆರ್ 72 ಎಂಬ ಪುಟ್ಟ ಪ್ರೊಪೆಲ್ಲರ್ ವಿಮಾನ ಗಂಟೆಗೆ 500 ಕಿ.ಮೀ. ವೇಗದಲ್ಲಿ ಸಾಗಬಲ್ಲದು, ಅಂದರೆ ಅರ್ಧ ಗಂಟೆಯ ದಾರಿ. ಹಾಗಿದ್ದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆಗಿಂತ ಹೆಚ್ಚೇ ಇರುವುದಕ್ಕೆ ಕಾರಣವಿದೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಬೆಂಗಳೂರಿನಲ್ಲಿ ಮತ್ತೆ ನಿಲ್ಲುವವರೆಗಿನ ಅವಧಿಯೆಲ್ಲ ಅದರಲ್ಲಿ ಸೇರಿರುತ್ತದೆ. ಏರುವಾಗ, ಇಳಿಯುವಾಗ ವೇಗ ಕಡಿಮೆ. ಬೆಂಗಳೂರಿನ ಮೇಲೆ ಸರದಿಗಾಗಿ ಸುತ್ತು ಹಾಕಬೇಕಾಗಿ ಬಂದರೆ ಆ ನಿಮಿಷಗಳಿಗೂ ಅಲ್ಲೇ ಜಾಗ ಬಿಟ್ಟಿರುತ್ತಾರೆ. ಮಳೆಗಾಲದ ಪಡುವಣ ಗಾಳಿ ಹೋಗುವಾಗ ಬೆನ್ನಿಗಿದ್ದು ಬರುವಾಗ ಎದುರಾಗುವುದರಿಂದ, ಮರಳುವ ಹಾರಾಟ ತುಸು ದೀರ್ಘವಾಗುವುದೂ ಉಂಟು.

ವಿಮಾನದೊಳಗಿನ ಅನುಭವಕ್ಕೆ ಒಳ್ಳೆಯ ಅಂಕ ಕೊಡುತ್ತೇನೆ. ರೆಕ್ಕೆಗಳು ಕಿಟಕಿಗಿಂತ ಮೇಲಿರುವುದರಿಂದ ಅಡಿಕೆ ತೋಟ, ಗದ್ದೆ, ಕೆರೆಗಳು ಅಡೆತಡೆಯಿಲ್ಲದೆ ಕಾಣುತ್ತವೆ. ಹತ್ತುವುದೂ ಇಳಿಯುವುದೂ ಹಿಂಬಾಗಿಲಿನಿಂದ. ಆದ್ದರಿಂದ ಬೇಗ ಹೊರಬೀಳಬೇಕೆನ್ನುವವರು ಹಿಂದಿನ ಸೀಟನ್ನೇ ಕೇಳಿ ಪಡೆಯಬೇಕು. ತಲೆಯ ಮೇಲಿನ ಕಪಾಟು ಚಿಕ್ಕದು, ಪ್ರೊಪೆಲ್ಲರಿನ ಸದ್ದು ಜೋರು. ಏರ್‌ಬಸ್ ಇಳಿಯಬಲ್ಲಷ್ಟು ಉದ್ದದ ರನ್‌ವೇ ಕಟ್ಟಿಕೊಂಡು ಪುಟ್ಟ ಎಟಿಆರ್‌ಗಾಗಿ ಕಾಯುತ್ತಿದ್ದೇವಲ್ಲ ಎಂದು ಊರಿನವರು ಗೊಣಗುವುದರಲ್ಲಿ ಅರ್ಥವಿದೆಯಾದರೂ, ಇಷ್ಟು ಹತ್ತಿರದ ದಾರಿಗೆ ಇದೇ ಸರಿಯಾದ ವಿಮಾನ.

ಸಮಯ ಸೋರಿಹೋಗುವುದು ನೆಲದ ಮೇಲೆ. ಶಿವಮೊಗ್ಗದ ಮನೆಯಿಂದ ಸೋಗಾನೆಗೆ ಅರ್ಧ ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಒಂದೂವರೆ ಗಂಟೆ, ಹಾರಾಟಕ್ಕೆ ಒಂದು ಗಂಟೆ ಚಿಲ್ಲರೆ, ಲಗೇಜು ಕೈಸೇರಲು ಇಪ್ಪತ್ತು ನಿಮಿಷ, ಅಲ್ಲಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ. ದಾಟಲು ಕನಿಷ್ಠ ಒಂದು ಗಂಟೆ. ಒಟ್ಟು ನಾಲ್ಕೂವರೆ ಗಂಟೆಯ ಹತ್ತಿರ. ಬೆಳಗಿನ ಜನಶತಾಬ್ದಿ ಹಿಡಿದರೂ ಬಹುತೇಕ ಅಷ್ಟೇ ಹೊತ್ತಿನಲ್ಲಿ ಮೆಜೆಸ್ಟಿಕ್‌ನಲ್ಲಿರುತ್ತೀರಿ, ಅದೂ ಬಹಳ ಕಡಿಮೆ ಖರ್ಚಿನಲ್ಲಿ. ಜಯನಗರಕ್ಕೋ ಬನಶಂಕರಿಗೋ ಹೋಗುವವರಿಗೆ ನಾನು ರೈಲನ್ನೇ ಹೇಳುತ್ತೇನೆ. ಸಾಗರ, ತೀರ್ಥಹಳ್ಳಿಯವರು ಮೊದಲು ಶಿವಮೊಗ್ಗಕ್ಕೆ ಬರಬೇಕಾದ ಹೊತ್ತನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕು.

ಯಲಹಂಕ, ಹೆಬ್ಬಾಳದ ಕಡೆ ಕೆಲಸವಿರುವವರಿಗೆ, ಅದಕ್ಕಿಂತ ಹೆಚ್ಚಾಗಿ ಬೆಂಗಳೂರಿನಿಂದ ದೆಹಲಿಗೋ ದುಬೈಗೋ ಮುಂದುವರಿಯುವವರಿಗೆ ಲೆಕ್ಕ ಪೂರ್ತಿ ಬದಲಾಗುತ್ತದೆ. ನಗರದ ಟ್ರಾಫಿಕ್ಕಿಗೆ ಸಿಗದೆ ನೇರವಾಗಿ ಕೆಂಪೇಗೌಡ ನಿಲ್ದಾಣದೊಳಗೇ ಇಳಿಯುವ ಅನುಕೂಲವನ್ನು ಬಸ್ಸಾಗಲಿ ರೈಲಾಗಲಿ ಕೊಡಲಾರದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮೋಡ ತೀರ ಕೆಳಗಿಳಿದು, ರನ್‌ವೇ ಕಾಣದೆ ವಿಮಾನ ತಡವಾಗುವ ಅಥವಾ ರದ್ದಾಗುವ ಸಂಭವವಿರುತ್ತದೆ. ಆ ತಿಂಗಳುಗಳಲ್ಲಿ ಎರಡೂ ಹಾರಾಟಗಳನ್ನು ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸಿ, ನಡುವೆ ಧಾರಾಳವಾಗಿ ಅಂತರ ಬಿಟ್ಟುಕೊಳ್ಳುವುದು ಒಳಿತು. ವಿದೇಶ ಪ್ರಯಾಣವಾದರೆ ಹಿಂದಿನ ದಿನವೇ ರೈಲಿನಲ್ಲಿ ಹೊರಟುಬಿಡಿ.