ಕಷಾಯ, ಸೂಜಿ, ನಡಿಗೆ, ಮಾತ್ರೆ: ಪಿಸಿಓಎಸ್ ಇದ್ದ ನಾನು ಹಿಡಿದ ನಾಲ್ಕು ದಾರಿ

ಮದುವೆಯಾಗಿ ಎರಡು ವರ್ಷ ದಾಟಿದ ಮೇಲೆ ಯಾವ ಸಮಾರಂಭಕ್ಕೆ ಹೋದರೂ ಒಂದೇ ಪ್ರಶ್ನೆ. "ಏನಮ್ಮಾ, ಏನಾದ್ರೂ ವಿಶೇಷ?" ನಕ್ಕು ಪಂಕ್ತಿಯಲ್ಲಿ ಕೂತುಬಿಡುತ್ತಿದ್ದೆ. ಮನೆಗೆ ಬಂದು ಅಳುತ್ತಿದ್ದೆ. ಆಗ ಯಾರು ಏನು ಹೇಳಿದರೂ ಮಾಡಿ ನೋಡಿದ್ದೇನೆ. ಅದನ್ನೇ ಇಲ್ಲಿ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ನನ್ನ ತೊಂದರೆ ಪಿಸಿಓಎಸ್, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡಾಶಯದ ಕೆಲಸ ಕೆಡುವುದು. ಮುಟ್ಟು 60-70 ದಿನಕ್ಕೊಮ್ಮೆ ಬರುತ್ತಿತ್ತು. ಅಂದರೆ ಅಂಡಾಶಯದಿಂದ ಅಂಡ ಸರಿಯಾಗಿ ಬಿಡುಗಡೆ ಆಗುತ್ತಿರಲಿಲ್ಲ. ಅಂಡವೇ ಹೊರಬರದಿದ್ದರೆ ಮಗು ಎಲ್ಲಿಂದ, ಅಲ್ವಾ? ಹಾಗಾಗಿ ಪ್ರತಿ ದಾರಿಗೂ ನಾನು ಇಟ್ಟ ಅಳತೆ ಒಂದೇ: ಅಂಡ ಬಿಡುಗಡೆ ಆಯಿತಾ? ಅಂಡ ಬಿಡುಗಡೆಯಾದ ಮೇಲೆ ಏರುವ ಪ್ರೊಜೆಸ್ಟರಾನ್ ಹಾರ್ಮೋನಿನ ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಮುಟ್ಟಿಗೆ ಸುಮಾರು ಏಳು ದಿನ ಮುಂಚೆ ಮಾಡಿಸಬೇಕು. ನನ್ನ ಹಾಗೆ ಮುಟ್ಟಿನ ಲೆಕ್ಕವೇ ಸಿಗದವರು ವಾರಕ್ಕೊಮ್ಮೆ ಮಾಡಿಸುತ್ತಾ ಹೋಗಬೇಕಾಗುತ್ತದೆ.

ಮೊದಲು ಕಷಾಯ. ಐದು ತಿಂಗಳು ಕುಡಿದೆ. ಜೊತೆಗೆ ಶತಾವರಿ ಪುಡಿ, ಫಲಘೃತ ಎಂಬ ಔಷಧಿ ತುಪ್ಪ. ತಿಂಗಳಿಗೆ 2,800 ರೂಪಾಯಿ ಆಗುತ್ತಿತ್ತು. ನಿದ್ದೆ ಚೆನ್ನಾಗಿ ಬಂತು, ಮಲಬದ್ಧತೆ ಹೋಯಿತು. ಆದರೆ ಪ್ರೊಜೆಸ್ಟರಾನ್ ಒಂದು ಸಲವೂ ಮೇಲೇಳಲಿಲ್ಲ. ಆ ವೈದ್ಯರ ಮೇಲೆ ನನಗೆ ಗೌರವವಿದೆ. ಮೊದಲ ದಿನವೇ ಸ್ಕ್ಯಾನ್ ಮಾಡಿಸಿಕೊಂಡು ಬಾ ಎಂದವರು ಅವರು. ನನಗೆ ಸಿಟ್ಟಿರುವುದು ಇನ್ನೊಂದು ಕಡೆ. ಪರಿಚಯದವರು ಹೇಳಿದರೆಂದು ಒಂದು ಅಂಗಡಿಯಿಂದ ಚೀಟಿಯೇ ಇಲ್ಲದ ಡಬ್ಬಿಯಲ್ಲಿ ಪುಡಿ ತಂದಿದ್ದೆವು. ಒಳಗೇನಿದೆ ಎಂದು ಕೇಳಿದರೆ "ಭಸ್ಮ" ಎಂದರು, ಅಷ್ಟೇ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರುತ್ತಿದ್ದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಸೀಸ ವಿಷ. ಇದನ್ನು ಓದಿದ ದಿನವೇ ಆ ಡಬ್ಬಿ ಎಸೆದೆ. ಚೀಟಿ ಇಲ್ಲದ ಪುಡಿಯನ್ನು ದಯವಿಟ್ಟು ಯಾರೂ ತಗೋಬೇಡಿ.

ಆಮೇಲೆ ಅಕ್ಯುಪಂಕ್ಚರ್, ಮೈಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ. ಒಂದು ಸಲಕ್ಕೆ 700 ರೂಪಾಯಿ, ವಾರಕ್ಕೆ ಎರಡು ಸಲ, ಮೂರು ತಿಂಗಳು. ಆ ಅರ್ಧ ಗಂಟೆ ಸುಮ್ನೆ ಮಲಗಿರುವುದು ಹಿತವಾಗಿತ್ತು. ಅಂಡದ ವಿಷಯದಲ್ಲಿ ಏನೂ ಆಗಲಿಲ್ಲ. ಚೀನಾದಲ್ಲಿ ಪಿಸಿಓಎಸ್ ಇರುವ 1,000 ಹೆಂಗಸರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಅದರಲ್ಲೂ ಸೂಜಿಯಿಂದ ಹೆರಿಗೆಗಳು ಹೆಚ್ಚಾಗಲಿಲ್ಲ. ಮೊದಲೇ ಓದಿದ್ದರೆ ದುಡ್ಡು ಉಳಿಯುತ್ತಿತ್ತು.

ಮೂರನೆಯದಕ್ಕೆ ಖರ್ಚೇ ಇಲ್ಲ: ನಡಿಗೆ ಮತ್ತು ಊಟ. ಬೆಳಿಗ್ಗೆ 45 ನಿಮಿಷ, ರಾತ್ರಿ ಊಟವಾದ ಮೇಲೆ 15 ನಿಮಿಷ. ಸಕ್ಕರೆ ಹಾಕಿದ ಕಾಫಿ ಬಿಟ್ಟೆ. ಅನ್ನ ಅರ್ಧ ಮಾಡಿ ಪಲ್ಯ, ಕಾಳಿನ ಉಸ್ಲಿ ಜಾಸ್ತಿ ಮಾಡಿಕೊಂಡೆ. ಆರು ತಿಂಗಳಲ್ಲಿ 74ರಿಂದ 69 ಕೆಜಿಗೆ ಇಳಿದೆ. ಇಷ್ಟು ಇಳಿದರೆ ಏನಾಗುತ್ತದೆ ಎಂದು ಅನಿಸಬಹುದು. ತೂಕ ಹೆಚ್ಚಿರುವವರಿಗೆ ನೂರಕ್ಕೆ 5ರಿಂದ 10 ಭಾಗ ಇಳಿದರೂ ಅಂಡ ಬಿಡುಗಡೆ ಮತ್ತೆ ಶುರುವಾಗಬಹುದು, ಏಕೆಂದರೆ ಅಂಡ ಬಲಿಯಲು ಅಡ್ಡಿಯಾಗುವ ಹೆಚ್ಚಿನ ಇನ್ಸುಲಿನ್ ತಗ್ಗುತ್ತದೆ. ನನ್ನ ಮುಟ್ಟು 38 ದಿನಕ್ಕೆ ಬಂತು. ಪ್ರೊಜೆಸ್ಟರಾನ್ ಮೊದಲ ಸಲ 3 ದಾಟಿತು, ಅಂದರೆ ಅಂಡ ಬಿಡುಗಡೆಯಾಗಿತ್ತು. ಆ ರಿಪೋರ್ಟ್ ಹಿಡಿದುಕೊಂಡು ಲ್ಯಾಬ್ ಮೆಟ್ಟಿಲ ಮೇಲೆಯೇ ಕೂತುಬಿಟ್ಟಿದ್ದೆ. ಆದರೆ ಮುಂದಿನ ತಿಂಗಳು ಮತ್ತೆ ತಪ್ಪಿತು.

ಕೊನೆಗೆ ಅಂಡ ಬಲಿಯುವಂತೆ ಮಾಡುವ ಲೆಟ್ರೋಜೋಲ್ ಮಾತ್ರೆ. ಮುಟ್ಟಿನ ಮೂರನೇ ದಿನದಿಂದ ಐದು ದಿನ. ಚಿಕ್ಕಮ್ಮ ಇಂಟರ್ನೆಟ್‌ನಲ್ಲಿ ನೋಡಿ ಗಾಬರಿಯಾಗಿ ಫೋನ್ ಮಾಡಿದರು. "ಇದು ಸ್ತನ ಕ್ಯಾನ್ಸರ್ ಮಾತ್ರೆ ಕಣೇ, ಬೇಡ!" ಅದೂ ನಿಜವೇ. ಬಂಜೆತನಕ್ಕೆ ಇದನ್ನು ಕೊಡುವುದನ್ನು ನಮ್ಮ ಸರ್ಕಾರ 2011ರಲ್ಲಿ ನಿಷೇಧಿಸಿತ್ತು, 2017ರಲ್ಲಿ ಆ ನಿಷೇಧ ತೆಗೆಯಿತು. ಈ ಮಧ್ಯೆ 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ ಇರುವ 750 ಹೆಂಗಸರ ಮೇಲೆ ನಡೆದ ಪ್ರಯೋಗ ಹೊರಬಂದಿತ್ತು. ಹಳೆಯ ಮಾತ್ರೆ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ನೂರಕ್ಕೆ 19 ಮಂದಿಗೆ ಮಗುವಾದರೆ, ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ 27 ಮಂದಿಗೆ. ಡಾಕ್ಟರ್ ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಚಿಕ್ಕಮ್ಮನಿಗೂ ಧೈರ್ಯ ಬಂತು.

ನನಗೆ ತಲೆನೋವು, ಸುಸ್ತು ಇತ್ತು. ಸ್ಕ್ಯಾನ್‌ಗೆ ಅಲೆದಾಟ ಬೇರೆ, ಪ್ರತಿ ಸಲ ಅರ್ಧ ದಿನ ರಜೆ. ಆದರೆ ಮೊದಲ ತಿಂಗಳೇ ಅಂಡ ಬಲಿತು ಬಿಡುಗಡೆಯಾಯಿತು. ನಾಲ್ಕನೇ ತಿಂಗಳು ಗರ್ಭ ನಿಂತಿತು. ಆಗಲೂ ನಾನು ನಡಿಗೆ ಬಿಟ್ಟಿರಲಿಲ್ಲ. ಹಾಗಾಗಿ ಮಾತ್ರೆ ಒಂದರಿಂದಲೇ ಆಯಿತು ಎಂದು ಹೇಳಲಾರೆ. ಮತ್ತೆ ಶುರು ಮಾಡಬೇಕಾದರೆ ನಡಿಗೆ, ಮಾತ್ರೆ ಎರಡನ್ನೂ ಒಟ್ಟಿಗೇ ಹಿಡಿಯುತ್ತೇನೆ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆಯನ್ನೂ ಹೊತ್ತಿದ್ದೆ. ಅದನ್ನು ಈ ತಕ್ಕಡಿಯಲ್ಲಿ ಇಡುವುದಿಲ್ಲ. ಆ ಸನ್ನಿಧಿಯಲ್ಲಿ ಸಿಕ್ಕ ಸಮಾಧಾನವನ್ನು ಅಳೆಯಲು ಬರುವುದಿಲ್ಲ.

ಒಂದು ಕೊರಗು ಉಳಿದಿದೆ. ನನ್ನ ಗಂಡನ ವೀರ್ಯ ಪರೀಕ್ಷೆ ಮಾಡಿಸಿದ್ದು ನಾನು ಒಂದು ವರ್ಷ ಇವನ್ನೆಲ್ಲ ಮಾಡಿ ನೋಡಿದ ಮೇಲೆ. ವರದಿ ಸರಿಯಾಗಿತ್ತು, ನಿಜ. ಇಲ್ಲದಿದ್ದರೆ? ಅದು ಸುಲಭದ, ನೋವಿಲ್ಲದ ಪರೀಕ್ಷೆ. ತೊಂದರೆ ಗಂಡನಲ್ಲೂ ಇರುತ್ತದೆ, ಎಷ್ಟೋ ಸಲ ಇಬ್ಬರಲ್ಲೂ. ಮೊದಲ ದಿನವೇ ಇಬ್ಬರಿಗೂ ಪರೀಕ್ಷೆ ಆಗಬೇಕಿತ್ತು.

ದೊಡ್ಡಮ್ಮನ ಮಗಳಿಗೆ ನನ್ನ ಈ ಹೋಲಿಕೆ ಒಂದಿಷ್ಟೂ ಸಲ್ಲುವುದಿಲ್ಲ. ಅಕ್ಕನಿಗೆ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತಿತ್ತು. ಹಾಗಾಗಿ "ನಿನಗೇನೂ ತೊಂದರೆ ಇಲ್ಲ" ಎಂದು ಎಲ್ಲರೂ ಕಷಾಯ ಕುಡಿಸಿದರು. ಆರು ವರ್ಷ ಹೋಯಿತು. ಅಂಡ ಸಾಗುವ ಗರ್ಭನಾಳಕ್ಕೆ ಚಿತ್ರದಲ್ಲಿ ಕಾಣುವ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ ಇದೆಯಲ್ಲ, ಎಚ್‌ಎಸ್‌ಜಿ, ಅದನ್ನು ಮಾಡಿಸಿದಾಗ ಎರಡೂ ನಾಳ ಮುಚ್ಚಿದ್ದು ಕಂಡಿತು. ಕಾರಣ ಕ್ಷಯ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಅಲ್ಲ, ಗರ್ಭನಾಳಕ್ಕೂ ಬರುತ್ತದೆ. ಕೆಮ್ಮು ಜ್ವರ ಏನೂ ಇಲ್ಲದೆಯೂ ಬರುತ್ತದೆ. ಮುಚ್ಚಿದ ನಾಳವನ್ನು ಕಷಾಯವೂ ತೆರೆಯದು, ಸೂಜಿಯೂ ತೆರೆಯದು, ನನಗೆ ಫಲಿಸಿದ ಮಾತ್ರೆಯೂ ತೆರೆಯದು. ಆರು ತಿಂಗಳು ಕ್ಷಯದ ಮಾತ್ರೆ ನುಂಗಿ ಮುಗಿಸಿದಳು. ಗರ್ಭಕೋಶದ ಒಳಪದರ ಚೆನ್ನಾಗಿದೆ ಎಂದಿದ್ದಾರೆ. ಈಗ ಅವಳಿಗೆ 37, ಐವಿಎಫ್ (ಅಂಡವನ್ನು ದೇಹದ ಹೊರಗೆ ಫಲಿಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ) ಶುರುವಾಗಿದೆ. ದಿನಾ ಸಂಜೆ ಇಂಜೆಕ್ಷನ್‌ಗೆ ಅವಳ ಜೊತೆ ನಾನೇ ಹೋಗುತ್ತೇನೆ. ಅಷ್ಟು ಹೊತ್ತು ನನ್ನ ಮಗಳನ್ನು ಅತ್ತೆ ನೋಡಿಕೊಳ್ಳುತ್ತಾರೆ.