ಕಾಂಬೋ ಟಿಕೆಟ್ ಬೇಡ, ಬೆಳಗ್ಗೆನೇ ಝೂಗೆ ಹೋಗಿ

ಝೂ, ಅಕ್ವೇರಿಯಂ ಎರಡೂ ಅಕ್ಕಪಕ್ಕದಲ್ಲೇ ಇದ್ದು ಕೈಯಲ್ಲಿ ಒಂದೇ ದಿನ ಇದ್ರೆ ನನ್ ಓಟು ಝೂಗೇ, ಅದೂ ಗೇಟು ತೆಗೆಯೋ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು. ನಾವು ಎರಡೂ ಥರ ಮಾಡಿ ನೋಡಿದೀವಿ, ಮೊದಲು ಕಾಂಬೋ ಟಿಕೆಟಲ್ಲಿ ಎರಡನ್ನೂ ಒಂದೇ ದಿನ, ಆಮೇಲೆ ಝೂ ಮಾತ್ರ ಬೇರೆ ದಿನ.

ಕಾಂಬೋದಲ್ಲಿ ದುಡ್ಡು ಉಳಿಯುತ್ತೆ, ಅದು ನಿಜ. ಆದ್ರೆ ನಾವು ಹೋದ ಕಡೆ ಅಕ್ವೇರಿಯಂಗೆ ಟೈಮ್ ಸ್ಲಾಟ್ ಇತ್ತು, ಝೂಗೆ ಇರಲಿಲ್ಲ, ಎಡವಟ್ಟಾಗಿದ್ದು ಅಲ್ಲೇ. ಕೌಂಟರಲ್ಲಿ ಬೆಳಗಿನ ಮೊದಲ ಸ್ಲಾಟ್ ಕೊಟ್ರು, ಮಧ್ಯಾಹ್ನದ್ದು ಕೊಡಿ ಅಂತ ಎಷ್ಟು ಕೇಳಿದ್ರೂ ಕಾಂಬೋಗೆ ಚೇಂಜ್ ಮಾಡಕ್ಕೆ ಬರಲ್ಲ ಅಂದ್ಬಿಟ್ರು. ಹಂಗಾಗಿ ಪ್ರಾಣಿಗಳು ಎದ್ದು ಓಡಾಡೋ ತಂಪು ಹೊತ್ತೆಲ್ಲ ಏಸಿ ಒಳಗೆ ಮೀನು ನೋಡ್ತಾ ಕಳೆದ್ವಿ, ಹೊರಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು.

ಸಿಂಹ ಮೊದಲೇ ದಿನಕ್ಕೆ 20 ಗಂಟೆವರೆಗೂ ಬಿದ್ಕೊಂಡಿರೋ ಪ್ರಾಣಿ, ಮಧ್ಯಾಹ್ನ ಕೇಳ್ಬೇಕಾ? ಬಂಡೆ ಹಿಂದಿಂದ ಬಾಲದ ತುದಿ ಮಾತ್ರ ಕಾಣ್ತಿತ್ತು. ನೀರಾನೆ ನೀರಿಂದ ಹೊಳ್ಳೆ ಬಿಟ್ರೆ ಇನ್ನೇನೂ ಮೇಲೆತ್ತಲಿಲ್ಲ. ಮಗಳು ಒಂದೊಂದು ಬೇಲಿ ಹತ್ರನೂ ಕಾದು ಕಾದು ಸಪ್ಪಗಾದ್ಲು, ನನಗೆ ಹೊಟ್ಟೆ ಉರೀತು.

ಮೀನಿಗೆ ಬೆಳಗ್ಗೆ ಹೋದ್ರೂ ಒಂದೇ ಮಧ್ಯಾಹ್ನ ಹೋದ್ರೂ ಒಂದೇ, ಟ್ಯಾಂಕಿನ ಲೈಟೂ ನೀರಿನ ಬಿಸಿನೂ ಹೊರಗಿನ ಬಿಸಿಲು ನೋಡ್ಕೊಂಡು ಬದಲಾಗಲ್ಲ. ಝೂ ಒಳಗೇ ಅಕ್ವೇರಿಯಂ ಇರೋದೂ ಹೊಸದಲ್ಲ, 1853ರಲ್ಲಿ ಜನಕ್ಕೆ ಅಂತ ಮೊದಲನೇ ಅಕ್ವೇರಿಯಂ ತೆರೆದಿದ್ದೇ ಲಂಡನ್ ಝೂನಲ್ಲಿ. ಜೋಡಿಸಿ ಮಾರ್ಲಿ ಬೇಡ ಅನ್ನಲ್ಲ, ಆದ್ರೆ ಕಾಂಬೋದವ್ರಿಗೆ ಮಧ್ಯಾಹ್ನದ ಸ್ಲಾಟ್ ಕೊಟ್ರೆ ಎರಡೂ ನೆಟ್ಟಗೆ ನೋಡ್ಬಹುದಲ್ವಾ.

ಇನ್ನೊಂದ್ ಸಲ ಬರೀ ಝೂ ಟಿಕೆಟ್ ತಗೊಂಡು ಬೆಳಗ್ಗೆನೇ ಒಳಗೆ ಹೋದಾಗ ಗಿಬ್ಬನ್ (ಉದ್ದ ಕೈಯಿರೋ, ಬಾಲ ಇಲ್ಲದ ವಾನರ) ಜೋಡಿ ಕೂಗಕ್ಕೆ ಶುರು ಮಾಡಿತ್ತು. ಮೊದಲು ಮೆಲ್ಲಗೆ ಒಂದು, ಅದಕ್ಕೆ ಇನ್ನೊಂದು ದನಿಗೂಡ್ಸುತ್ತೆ, ಆಮೇಲೆ ಏರ್ತಾ ಏರ್ತಾ ಎರಡೂ ಹಗ್ಗ ಹಿಡ್ಕೊಂಡು ಜೀಕ್ತಾ ಕೂಗೋವಾಗ ಮೈ ಜುಮ್ ಅನ್ನುತ್ತೆ. ಕಾಡಲ್ಲಿ ಈ ಕೂಗು ಒಂದು ಕಿಲೋಮೀಟರ್ ಆಚೆಗೂ ಕೇಳುತ್ತಂತೆ, ಬೇಲಿ ಪಕ್ಕ ನಿಂತವ್ರಿಗೆ ಹೆಂಗಿರುತ್ತೆ ನೋಡಿ. ಜಿರಾಫೆಗೆ ಸೊಪ್ಪು ಕಟ್ತಿದ್ರು, ಹೆಚ್ಚುಕಮ್ಮಿ ಒಂದೂವರೆ ಅಡಿ ಇರೋ ಕಪ್ಪು ನಾಲಿಗೆನ ಕೊಂಬೆಗೆ ಸುತ್ತಿ ಎಲೆ ಅಷ್ಟೇ ಸರಕ್ಕಂತ ಎಳ್ಕೊಳ್ತು. ಮಗಳು ಅಲ್ಲಿಂದ ಕದಲಲೇ ಇಲ್ಲ.

ಅಕ್ವೇರಿಯಂ ಚೆನ್ನಾಗಿಲ್ಲ ಅಂತಲ್ಲ. ಜೆಲ್ಲಿಫಿಶ್ ಟ್ಯಾಂಕ್ ಮುಂದೆ ನಾನೇ ಎಷ್ಟೋ ಹೊತ್ತು ನಿಂತಿದ್ದೆ, ಮೂಲೆ ಇದ್ರೆ ಸಿಕ್ಕಾಕ್ಕೊಂಡು ಮೈ ಹರ್ಕೊಳ್ಳುತ್ತೆ ಅಂತ ಟ್ಯಾಂಕನ್ನೇ ದುಂಡಗೆ ಮಾಡಿ ನೀರು ನಿಧಾನಕ್ಕೆ ಸುತ್ತೋ ಹಂಗೆ ಬಿಟ್ಟಿರ್ತಾರೆ. ಸಮುದ್ರಕುದುರೇಲಿ ಮರಿ ಹೊರೋದು ಗಂಡು ಅಂತ ಮಗಳಿಗೆ ಗೊತ್ತಾಗಿದ್ದೂ ಅಲ್ಲೇ. ಆದ್ರೆ ದಯವಿಟ್ಟು ಗ್ಲಾಸ್ ತಟ್ಟಬೇಡಿ, ನೀರಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಸ್ಪೀಡಲ್ಲಿ ಹೋಗುತ್ತೆ, ಒಳಗಿರೋ ಮೀನಿಗೆ ಅದು ಹಿಂಸೆ.

ಫೋಟೋಗೆ ಝೂನೇ ವಾಸಿ. ಮಳೆ ಬಂದ್ರೆ ಅಕ್ವೇರಿಯಂ. ಮಂಡಿನೋವಿರೋ ಹಿರಿಯರು ಜೊತೇಲಿದ್ರೂ ಅಕ್ವೇರಿಯಮ್ಮೇ, ನಡೆಯೋದು ಕಮ್ಮಿ.

ನಮ್ಮನೇಲಿ ಎಲ್ರೂ ಬೇಗ ಏಳೋರು, ನಡೆಯೋದು ಅಂದ್ರೆ ಬೇಜಾರಿಲ್ಲ, ಬಜೆಟ್ಟೂ ಒಂದಕ್ಕೇ ಆಗೋದು, ಅದಕ್ಕೇ ಮುಂದೆನೂ ಝೂನೇ. ನಿಮಗೆ ಕಾಂಬೋನೇ ಬೇಕು ಅಂದ್ರೆ ದುಡ್ಡು ಕೊಡೋಕ್ ಮುಂಚೆ ಸ್ಲಾಟ್ ಎಷ್ಟೊತ್ತಿಗೆ ಅಂತ ಕೇಳಿ, ಬೆಳಗ್ಗೆದೇ ಅಂದ್ರೆ ಝೂ ಟಿಕೆಟ್ ಒಂದೇ ತಗೊಂಡು ಒಳಗೆ ಹೋಗಿ.