ರಿಕಿ ನೆಲ್ಸನ್ ರೆಕಾರ್ಡುಗಳು: ಯಾವುದಕ್ಕೆ ದುಡ್ಡು ಹಾಕಬಹುದು

ರಿಕಿ ನೆಲ್ಸನ್ ಹೆಸರಿನಲ್ಲಿ ಸಿಗುವ ಅಗ್ಗದ ಸಂಕಲನಗಳಲ್ಲಿ ಬಹುಪಾಲು ಅವೇ ಹತ್ತು ಹದಿನೈದು ಹಾಡುಗಳನ್ನು ಹಿಂದುಮುಂದು ಮಾಡಿ ಜೋಡಿಸಿದವು. ಅಂಥದೊಂದನ್ನು ಕೇಳಿ ‘ಮುಖ ಚೆಂದ, ದನಿ ಸಪ್ಪೆ’ ಅಂತ ಷರಾ ಬರೆದುಬಿಟ್ಟವರು ಬೇಕಾದಷ್ಟು ಜನ. ಅಮೆರಿಕದ ಈ ಟೀನ್ ಐಡಲ್ (ಹದಿಹರೆಯದವರ ಆರಾಧ್ಯ ಗಾಯಕ) ಬಿಟ್ಟುಹೋದ ಧ್ವನಿಮುದ್ರಣಗಳಲ್ಲಿ ಎರಡು ಅವಧಿ ನಿಜಕ್ಕೂ ಗಟ್ಟಿ: ಒಂದು 1957ರಿಂದ 1962, ಇನ್ನೊಂದು 1966ರಿಂದ 1972. ಅವೆರಡರ ನಡುವೆ ಒಂದು ದೊಡ್ಡ ಹಳ್ಳ ಇದೆ. ಕೈಯಲ್ಲಿರುವ ತಟ್ಟೆ ಯಾವ ಕಾಲದ್ದು ಅಂತ ನೋಡಿಕೊಳ್ಳದೆ ಕೊಂಡರೆ ಸೀದಾ ಆ ಹಳ್ಳಕ್ಕೇ ಬೀಳುವುದು.

ಹಾಡುವ ಮೊದಲೇ ಹುಡುಗ ಮನೆಮಾತಾಗಿದ್ದ. ಅಪ್ಪ ಆಝಿ, ಅಮ್ಮ ಹ್ಯಾರಿಯೆಟ್, ಅಣ್ಣ ಡೇವಿಡ್ ಜೊತೆ ಇಡೀ ಸಂಸಾರವೇ ನಟಿಸುತ್ತಿದ್ದ ಹಾಸ್ಯ ಧಾರಾವಾಹಿ ಎಬಿಸಿ ಟೀವಿಯಲ್ಲಿ 1952ರಿಂದ 1966ರವರೆಗೆ ಓಡಿತು. 1957ರ ಏಪ್ರಿಲ್ 10ರ ಕಂತಿನಲ್ಲಿ ಅವನು ಆಗಿನ ಹೆಸರಾಂತ ಗಾಯಕ ಫ್ಯಾಟ್ಸ್ ಡಾಮಿನೋನ ‘ಐಯಾಮ್ ವಾಕಿನ್’ ಹಾಡಿದ. ಆಗ ವಯಸ್ಸು 16. ವರ್ವ್ ಕಂಪನಿ ಅದನ್ನು ಸಿಂಗಲ್ (ಮಗ್ಗುಲಿಗೊಂದು ಹಾಡಿನ ಸಣ್ಣ ತಟ್ಟೆ) ಮಾಡಿ ಹೊರತಂದಿತು, ತಟ್ಟೆಯ ಎರಡೂ ಮಗ್ಗುಲು ಓಡಿದವು. ಅದೇ ವರ್ಷ ಅವನು ಸೇರಿದ್ದು ಇಂಪೀರಿಯಲ್ ಕಂಪನಿಯನ್ನು, ಅಂದರೆ ಫ್ಯಾಟ್ಸ್ ಡಾಮಿನೋ ಹಾಡುತ್ತಿದ್ದ ಕಂಪನಿಯನ್ನೇ. ಧಾರಾವಾಹಿಯ ಕಂತಿನ ಕೊನೆಯಲ್ಲಿ ಹೊಸ ಹಾಡು ಹಾಡಿಸುವುದು ಅಪ್ಪನ ಉಪಾಯ. ಬೇರೆ ಯಾವ ಗಾಯಕನಿಗೂ ಅಂಥ ಪುಕ್ಕಟೆ ಜಾಹೀರಾತು ಇರಲಿಲ್ಲ. ‘ಅಪ್ಪನ ಕೃಪೆಯಿಂದ ಹಾಡುಗಾರನಾದವ’ ಎಂಬ ಮೂದಲಿಕೆ ಅಂಟಿಕೊಂಡಿದ್ದೂ ಅಲ್ಲಿಂದಲೇ. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಸಿಕ್ಕ ಅವಕಾಶವನ್ನು ಅವನು ಬಳಸಿಕೊಂಡ ರೀತಿ ಬೇರೆ. ಆ ಕಾಲದ ಉಳಿದ ಟೀನ್ ಐಡಲ್‌ಗಳ ಹಿಂದೆ ಸ್ಟುಡಿಯೋದ ಬಾಡಿಗೆ ವಾದ್ಯವೃಂದ ಇರುತ್ತಿತ್ತು. ಇವನು ತನ್ನದೇ ಬ್ಯಾಂಡ್ ಕಟ್ಟಿದ.

ಇಂಪೀರಿಯಲ್ ಅವಧಿಯ ರೆಕಾರ್ಡುಗಳ ಬೆಲೆ ಇರುವುದು ಆ ಬ್ಯಾಂಡಿನಲ್ಲಿ. ಡ್ರಮ್ಸ್‌ಗೆ ರಿಚಿ ಫ್ರಾಸ್ಟ್, ಪಿಯಾನೋಗೆ ಜೀನ್ ಗಾರ್ಫ್, ಬೇಸ್‌ಗೆ ಮೊದಲು ಜೇಮ್ಸ್ ಕರ್ಕ್‌ಲ್ಯಾಂಡ್, ಆಮೇಲೆ ಜೋ ಆಸ್ಬಾರ್ನ್. ಗಿಟಾರಿಗೆ ಜೇಮ್ಸ್ ಬರ್ಟನ್, ಮುಂದೆ 1969ರಿಂದ ಎಲ್ವಿಸ್ ಪ್ರೀಸ್ಲಿಗೆ ನುಡಿಸಿದವನು. ಬರ್ಟನ್‌ನ ಕೈಚಳಕ ಕಾಣಬೇಕಾದರೆ 1958ರ ‘ಬಿಲೀವ್ ವಾಟ್ ಯೂ ಸೇ’ ಹಾಡಿನ ನಡುವಿನ ಗಿಟಾರ್ ಭಾಗ ಕೇಳಿ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಗಿಟಾರ್ ತಂತಿ ದಪ್ಪ, ಬೆರಳಿನಿಂದ ಎಳೆದು ಸ್ವರ ಬಾಗಿಸುವುದು ಕಷ್ಟ. ಬರ್ಟನ್ ತನ್ನ ಟೆಲಿಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರಿನ ಮೊದಲ ನಾಲ್ಕು ತಂತಿಗಳ ಜಾಗಕ್ಕೆ ತೆಳ್ಳನೆಯ ಬ್ಯಾಂಜೋ ತಂತಿ ಕಟ್ಟಿ, ಗಿಟಾರಿನ ನಾಲ್ಕನೆಯ ತಂತಿಯನ್ನು ಐದರ ಜಾಗಕ್ಕೂ ಐದನೆಯದನ್ನು ಆರರ ಜಾಗಕ್ಕೂ ಸರಿಸಿದ. ಸ್ವರ ಜಾರಿ ಮೇಲಕ್ಕೇರಿ ಪಟ್ಟನೆ ತುಂಡಾಗುವ ಆ ಶಬ್ದ ಬಂದಿದ್ದು ಹೀಗೆ. ಇಂದು ಗಿಟಾರ್ ನುಡಿಸುವವರಿಗೆ ತೆಳು ತಂತಿಯ ಸೆಟ್ ಸಲೀಸಾಗಿ ಸಿಗುತ್ತದೆ. ಆಗ ಹೀಗೆ ಕೈಯಾರೆ ಹೊಂದಿಸಿಕೊಳ್ಳಬೇಕಿತ್ತು.

ನೆಲ್ಸನ್‌ನ ದನಿಗೆ ಹರವು ಕಡಿಮೆ. ಅದು ಅವನಿಗೂ ಗೊತ್ತಿತ್ತು, ಹಾಗಾಗಿ ಕೂಗುವ ಹಾಡುಗಳ ತಂಟೆಗೆ ಹೋಗುವುದು ಅಪರೂಪ. ಎಷ್ಟೋ ಹಾಡುಗಳಲ್ಲಿ ಒಂದೇ ಸಾಲನ್ನು ಎರಡು ಸಲ ಹಾಡಿ, ಒಂದರ ಮೇಲೊಂದು ಕೂಡಿಸಿ ದನಿಗೆ ಮೈ ತುಂಬಿಸಲಾಗಿದೆ. ಹೆಡ್‌ಫೋನ್ ಹಾಕಿಕೊಂಡರೆ ಪದದ ಕೊನೆಯ ವ್ಯಂಜನಗಳು ಕೂದಲೆಳೆಯಷ್ಟು ಹಿಂದುಮುಂದಾಗುವುದು ಕೇಳುತ್ತದೆ. ಮೃದು ಹಾಡುಗಳಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಬೇಕರ್ ನೈಟ್ ಬರೆದ ‘ಲೋನ್‌ಸಮ್ ಟೌನ್’ನಲ್ಲಿ ಇರುವುದು ಒಂದು ಗಿಟಾರ್, ಹಿಂದೆ ಒಂದಿಷ್ಟು ಗಂಡುದನಿಗಳು, ಅಷ್ಟೇ. 1994ರ ‘ಪಲ್ಪ್ ಫಿಕ್ಷನ್’ ಚಿತ್ರದಲ್ಲಿ ಈ ಹಾಡು ಕೇಳಿಯೇ ಇವನನ್ನು ಹುಡುಕಿಕೊಂಡು ಬಂದವರಿದ್ದಾರೆ.

ಜನಪ್ರಿಯತೆ ಹೇಗಿತ್ತೆಂದರೆ, 1958ರ ಆಗಸ್ಟ್ 4ರಂದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಜನಪ್ರಿಯ ಹಾಡುಗಳ ‘ಹಾಟ್ 100’ ಪಟ್ಟಿ ಶುರುಮಾಡಿದಾಗ ಮೊಟ್ಟಮೊದಲ ನಂಬರ್ ಒನ್ ಇವನ ‘ಪೂರ್ ಲಿಟಲ್ ಫೂಲ್’. ಹಾಡಾಗಿ ಅದು ಅಷ್ಟಕ್ಕಷ್ಟೇ. 1961ರ ಸಿಂಗಲ್ ಬೇರೆ ಮಾತು: ಒಂದು ಮಗ್ಗುಲಲ್ಲಿ ‘ಟ್ರಾವೆಲಿನ್ ಮ್ಯಾನ್’, ಇನ್ನೊಂದರಲ್ಲಿ ‘ಹಲೋ ಮೇರಿ ಲೂ’. ಮೊದಲನೆಯದು 1ನೇ ಸ್ಥಾನಕ್ಕೆ, ಎರಡನೆಯದು 9ಕ್ಕೆ ಏರಿತು. ಎರಡರಲ್ಲಿ ಹೆಚ್ಚು ಬಾಳಿದ್ದು ಹಿಂಬದಿಯದೇ, ಬರ್ಟನ್‌ನ ಗಿಟಾರಿನಿಂದಾಗಿ. ಆ ವರ್ಷ 21 ತುಂಬಿದಾಗ ಹೆಸರನ್ನು ‘ರಿಕ್’ ಎಂದು ಮೊಟಕು ಮಾಡಿಕೊಂಡ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹುಡುಕುವಾಗ ರಿಕಿ, ರಿಕ್ ಎರಡೂ ಹೊಡೆದು ನೋಡಿ. ಒಂದರಲ್ಲಿ ಕಾಣದ ಆಲ್ಬಮ್ ಇನ್ನೊಂದರಲ್ಲಿ ಇರುತ್ತದೆ.

ಇನ್ನು ಮೋಸ ಹೋಗುವ ಜಾಗಗಳು. ಹಳೆಯ ಎಲ್‌ಪಿಗಳ ಮರುಮುದ್ರಣದಲ್ಲಿ ‘ಎಲೆಕ್ಟ್ರಾನಿಕ್ ಆಗಿ ಸ್ಟೀರಿಯೋ ಮಾಡಿದ್ದು’ ಎಂಬರ್ಥದ ಸಾಲು ಹೊದಿಕೆಯ ಮೇಲಿದ್ದರೆ ಅಲ್ಲೇ ಇಟ್ಟುಬಿಡಿ. ಆರಂಭದ ಹಾಡುಗಳು ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಶಬ್ದ. ಅವನ್ನು ಆಮೇಲೆ ಸೀಳಿ ಒಂದು ಕಿವಿಗೆ ಮಂದ್ರ, ಇನ್ನೊಂದಕ್ಕೆ ತಾರ ಹಂಚಿದಾಗ ಗಿಟಾರ್ ಒಂದು ಕಡೆ ಚೀರುತ್ತದೆ, ಬೇಸ್ ಇನ್ನೊಂದು ಕಡೆ ಮಂಕಾಗುತ್ತದೆ. ಎರಡನೆಯ ಮೋಸ ಮರುಧ್ವನಿಮುದ್ರಣ. 1985ರಲ್ಲಿ ‘ಆಲ್ ಮೈ ಬೆಸ್ಟ್’ ಹೆಸರಿನಲ್ಲಿ ನೆಲ್ಸನ್ ತನ್ನ ಹಳೆಯ ಹಿಟ್‌ಗಳನ್ನೇ ಮತ್ತೆ ಹಾಡಿದ. ಕೆಟ್ಟದಾಗಿಲ್ಲ, ಆದರೆ ಅದು ನಲವತ್ತು ದಾಟಿದವನ ದನಿ, ಬರ್ಟನ್ ಗಿಟಾರಿನ ಕಿಡಿ ಅಲ್ಲಿಲ್ಲ. ಡಬ್ಬಿಯ ಮೇಲೆ ಮೂಲ ಕಂಪನಿಯ ಹೆಸರು, ಧ್ವನಿಮುದ್ರಣದ ವರ್ಷ ಇಲ್ಲದಿದ್ದರೆ ಅನುಮಾನಪಡಿ.

ಅಗ್ಗದ ಸಿಡಿ ಸೆಟ್‌ಗಳು ಸಾಮಾನ್ಯವಾಗಿ 1962ಕ್ಕೇ ನಿಲ್ಲುವುದಕ್ಕೆ ಕಾರಣ ಕಾನೂನು. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷ ಇತ್ತು. ಅದನ್ನು 70ಕ್ಕೆ ಏರಿಸುವ ಹೊತ್ತಿಗೆ 1962ರವರೆಗಿನವು ಹಕ್ಕು ಕಳೆದುಕೊಂಡಾಗಿತ್ತು. ಹಾಗಾಗಿ ಯಾರು ಬೇಕಾದರೂ ಅಚ್ಚು ಹಾಕಬಹುದು, ಮೂಲ ಟೇಪು ಕೈಯಲ್ಲಿ ಇರಲೇಬೇಕೆಂದಿಲ್ಲ. ಹಳೆಯ ಸಂಕಲನಗಳಿಗೆ ಇನ್ನೊಂದು ಗೋಡೆ ಇತ್ತು. ಇಂಪೀರಿಯಲ್ ಹಾಡುಗಳು ಲಿಬರ್ಟಿ, ಯುನೈಟೆಡ್ ಆರ್ಟಿಸ್ಟ್ಸ್ ಮೂಲಕ ಇಎಂಐ ಪಾಲಾದವು. 1963ರಲ್ಲಿ ಅವನು ಡೆಕ್ಕಾ ಕಂಪನಿಗೆ ಹೋದ ಮೇಲಿನ ಹಾಡುಗಳು ಎಂಸಿಎ ಪಾಲಾದವು. ಅದಕ್ಕೇ ಒಂದೇ ತಟ್ಟೆಯಲ್ಲಿ ‘ಹಲೋ ಮೇರಿ ಲೂ’ ಮತ್ತು 1972ರ ಹಿಟ್ ‘ಗಾರ್ಡನ್ ಪಾರ್ಟಿ’ ಎರಡರ ಮೂಲವೂ ಸಿಗುವುದು ಕಷ್ಟವಿತ್ತು.

ಡೆಕ್ಕಾ ಒಪ್ಪಂದ 20 ವರ್ಷಗಳದ್ದು, ಹತ್ತು ಲಕ್ಷ ಡಾಲರ್‌ದು. ಶುರುವಿನಲ್ಲಿ ‘ಫೂಲ್ಸ್ ರಷ್ ಇನ್’, ‘ಫಾರ್ ಯೂ’ ಓಡಿದವು. ಎರಡನೆಯದು 1964ರ ಆರಂಭದಲ್ಲಿ 6ನೇ ಸ್ಥಾನಕ್ಕೆ ಬಂತು. ಆ ಹೊತ್ತಿಗೆ ಬ್ರಿಟನ್ನಿನ ಬೀಟಲ್ಸ್ ತಂಡ ಅಮೆರಿಕದಲ್ಲಿ ಇಳಿಯಿತು, ಕೇಳುಗರ ಕಿವಿ ಅತ್ತ ತಿರುಗಿತು. ಮುಂದಿನ ಎರಡು ವರ್ಷ ಹಳೆಯ ಪ್ರೇಮಗೀತೆಗಳಿಗೆ ಹೊಸ ಬಣ್ಣ ಬಳಿಯುವ ಕೆಲಸ, ಅದೂ ಅರೆಮನಸ್ಸಿನದು. 1964, 65ರ ಆಲ್ಬಮ್‌ಗಳಿಗೆ ದುಡ್ಡು ಹಾಕಬೇಕಾಗಿಲ್ಲ.

1966ರ ‘ಬ್ರೈಟ್ ಲೈಟ್ಸ್ ಅಂಡ್ ಕಂಟ್ರಿ ಮ್ಯೂಸಿಕ್’, 1967ರ ‘ಕಂಟ್ರಿ ಫೀವರ್’ ಎರಡರಿಂದ ದಾರಿ ತಿರುಗುತ್ತದೆ. ಕ್ಯಾಲಿಫೋರ್ನಿಯಾದ ರಾಕ್ ಹುಡುಗರು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಕಡೆ ವಾಲಿದ್ದು ಆಮೇಲೆ. ನೆಲ್ಸನ್ ಮೊದಲೇ ಅಲ್ಲಿದ್ದ, ಕೇಳುವವರಿರಲಿಲ್ಲ ಅಷ್ಟೇ. 1969ರಲ್ಲಿ ಕಟ್ಟಿದ ಸ್ಟೋನ್ ಕ್ಯಾನಿಯನ್ ಬ್ಯಾಂಡ್ ಇಂಪೀರಿಯಲ್ ಕಾಲದ ಬ್ಯಾಂಡಿಗೆ ಸರಿಸಾಟಿ. ಬೇಸ್‌ಗೆ ರ‍್ಯಾಂಡಿ ಮೈಸ್ನರ್, ಮುಂದೆ ಈಗಲ್ಸ್ ತಂಡ ಕಟ್ಟಿದವರಲ್ಲಿ ಒಬ್ಬ. ಪೆಡಲ್ ಸ್ಟೀಲ್ ಗಿಟಾರಿಗೆ (ಅಡ್ಡ ಇಟ್ಟು ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವಂಥದು) ಕಂಟ್ರಿ ಗಾಯಕ ಬಕ್ ಓವೆನ್ಸ್ ಬಳಗದಿಂದ ಬಂದ ಟಾಮ್ ಬ್ರಮ್ಲಿ. ಲಾಸ್ ಏಂಜಲೀಸಿನ ಟ್ರೂಬಡೂರ್ ಕ್ಲಬ್ಬಿನಲ್ಲಿ ಮುದ್ರಿಸಿದ ಆಲ್ಬಮ್ ಈ ಅವಧಿಯ ಮುಕುಟ. ಬಾಬ್ ಡಿಲನ್ ಹಾಡುಗಳನ್ನು ಅವನು ಗೊಗ್ಗರು ದನಿ ಮಾಡದೆ, ತನ್ನ ತಣ್ಣನೆಯ ರೀತಿಯಲ್ಲೇ ಹಾಡುತ್ತಾನೆ. ಬ್ರಮ್ಲಿಯ ಸ್ಟೀಲ್ ಆ ದನಿಯ ಖಾಲಿ ಜಾಗಗಳನ್ನು ತುಂಬುತ್ತದೆ. ಮುಂದಿನ ‘ರಿಕ್ ಸಿಂಗ್ಸ್ ನೆಲ್ಸನ್’ ಪೂರ್ತಿ ಸ್ವಂತ ರಚನೆ. ಸಾಹಿತ್ಯ ಅಲ್ಲಲ್ಲಿ ತೆಳು, ವಾದ್ಯ ಮಾತ್ರ ಬಿಗಿ.

‘ಗಾರ್ಡನ್ ಪಾರ್ಟಿ’ಯ ಹಿನ್ನೆಲೆ ಗೊತ್ತಿಲ್ಲದೆ ಕೇಳಿದರೆ ಅರ್ಧ ಸ್ವಾರಸ್ಯ ಹೋಗುತ್ತದೆ. 1971ರ ಅಕ್ಟೋಬರ್ 15ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಳೆಯ ರಾಕ್ ಅಂಡ್ ರೋಲ್ ತಾರೆಯರ ಕಾರ್ಯಕ್ರಮ. ನೆಲ್ಸನ್ ಉದ್ದಕೂದಲು ಬಿಟ್ಟು ಬಂದ, ಹಳೆಯ ಹಾಡುಗಳ ಜೊತೆಗೆ ರೋಲಿಂಗ್ ಸ್ಟೋನ್ಸ್ ಹಾಡನ್ನೂ ತೆಗೆದ, ಸಭೆಯಿಂದ ಕೂಗಾಟ ಎದ್ದಿತು. ತನ್ನನ್ನೇ ಗೇಲಿ ಮಾಡುತ್ತಿದ್ದಾರೆಂದು ಅವನು ವೇದಿಕೆ ಬಿಟ್ಟ. ಕೂಗಿದ್ದು ಹಿಂದುಗಡೆ ಪೊಲೀಸರು ಯಾರನ್ನೋ ಹೊರಗೆ ಹಾಕುತ್ತಿದ್ದುದಕ್ಕೆ ಎಂದು ಹೇಳುವವರೂ ಇದ್ದಾರೆ. ಆ ಸಂಜೆಯನ್ನೇ ಹಾಡು ಮಾಡಿದ. ಅಲ್ಲಿದ್ದವರನ್ನು ಒಗಟಿನ ಹೆಸರುಗಳಲ್ಲಿ ಕರೆದ. ಹಾಡು 1972ರಲ್ಲಿ 6ನೇ ಸ್ಥಾನ ಮುಟ್ಟಿತು. ಅವನ ಕೊನೆಯ ದೊಡ್ಡ ಹಿಟ್ ಅದೇ.

ಆಮೇಲಿನದು ಬಿಡಿಬಿಡಿ. 1977ರ ‘ಇನ್‌ಟೇಕ್ಸ್’ ಸಾಧಾರಣ. 1978ರಲ್ಲಿ ಮೆಂಫಿಸ್‌ನಲ್ಲಿ ಮುದ್ರಿಸಿದ ಹಾಡುಗಳನ್ನು ಎಪಿಕ್ ಕಂಪನಿ ಮೂಲೆಗಿಟ್ಟು, ಅವನು ತೀರಿಕೊಂಡ ಮೇಲೆ 1986ರಲ್ಲಿ ಅವುಗಳ ಮೇಲೆ ಒಂದಿಷ್ಟು ಹೊಸ ಶಬ್ದ ಸೇರಿಸಿ ಬಿಟ್ಟಿತು. 1981ರ ‘ಪ್ಲೇಯಿಂಗ್ ಟು ವಿನ್’ ಮಾತ್ರ ಒಮ್ಮೆ ಕೇಳಬೇಕಾದದ್ದು. 1985ರ ಡಿಸೆಂಬರ್ 31ರಂದು ಟೆಕ್ಸಾಸ್‌ನ ಡಿ ಕಾಲ್ಬ್ ಬಳಿ ಅವನಿದ್ದ ಡಿಸಿ-3 ವಿಮಾನಕ್ಕೆ ಬೆಂಕಿ ಹತ್ತಿ, ನೆಲ್ಸನ್ ಮತ್ತು ಬ್ಯಾಂಡಿನವರು ಸೇರಿ ಏಳು ಪ್ರಯಾಣಿಕರು ಸತ್ತರು. ಅವನಿಗೆ 45.

ಕೊಳ್ಳುವ ವಿಚಾರಕ್ಕೆ ಬಂದರೆ, 2000ದಲ್ಲಿ ಬಂದ ನಾಲ್ಕು ಸಿಡಿಗಳ ‘ಲೆಗಸಿ’ ಮೊದಲ ಆಯ್ಕೆ. ಕಂಪನಿಗಳ ಗೋಡೆ ದಾಟಿ ಎಲ್ಲ ಕಾಲದ್ದನ್ನೂ ಒಟ್ಟಿಗೆ ಕೊಡುತ್ತದೆ. ಮೂರನೆಯ ಡಿಸ್ಕ್ ಹೊತ್ತಿಗೆ ಇನ್ನೂ ಬೇಕೆನಿಸಿದರೆ ಟ್ರೂಬಡೂರ್ ಆಲ್ಬಮ್ ಬೇರೆಯಾಗಿ ತೆಗೆದುಕೊಳ್ಳಿ. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ ಹೊರತಂದ ಆರಾರು ಸಿಡಿಗಳ ಎರಡು ಪೆಟ್ಟಿಗೆಗಳಿವೆ: 1957ರಿಂದ 62ರದ್ದಕ್ಕೆ ‘ದಿ ಅಮೆರಿಕನ್ ಡ್ರೀಮ್’, 1963ರಿಂದ 69ರದ್ದಕ್ಕೆ ‘ಫಾರ್ ಯೂ’. ಮುದ್ರಣದ ಗುಣಮಟ್ಟದಲ್ಲಿ ಇವಕ್ಕೆ ಸಾಟಿ ಇಲ್ಲ, ಬೆಲೆಯೂ ಹಾಗೇ ಇದೆ. ಮೊದಲನೆಯದಕ್ಕೆ ಸಾಲ ಮಾಡಿಯಾದರೂ ಹೋಗಬಹುದು. ಎರಡನೆಯದರಲ್ಲಿ ಮೇಲೆ ಹೇಳಿದ ಹಳ್ಳವೂ ಪೂರ್ತಿಯಾಗಿ ಸೇರಿದೆ, ಒಂದು ಹಾಡೂ ಬಿಡದೆ ಕೂಡಿಡುವವರಿಗಷ್ಟೇ ಅದು. ಹಳೆಯ ಇಂಪೀರಿಯಲ್ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತಿನ) ತಟ್ಟೆ ಸಿಕ್ಕರೆ ಹೊದಿಕೆಯ ಚಿತ್ರ ನೋಡಿ ಮರುಳಾಗಬೇಡಿ. ಬೆಳಕಿಗೆ ಓರೆಯಾಗಿ ಹಿಡಿದು ಹಾಡು ಕೊರೆದ ಗೀರುಗಳ ಹೊಳಪು ನೋಡಿ, ಬೂದುಬಣ್ಣಕ್ಕೆ ತಿರುಗಿದ್ದರೆ ಹಳೆಯ ಪ್ಲೇಯರಿನ ಭಾರದ ಮುಳ್ಳು ಅದನ್ನು ಆಗಲೇ ತಿಂದು ಮುಗಿಸಿದೆ ಅಂತ ಅರ್ಥ. ತೊಳೆದರೂ ಗೊರಗೊರ ಹೋಗುವುದಿಲ್ಲ.